ಹಾಕಿದ್ದು ಎಷ್ಟು, ಹತ್ತಿದ್ದು ಎಷ್ಟು

ಎಂಟನೆಯ ದಿನ ಮತ್ತೆ ಹೋಗಬೇಕು. ನೌಕರಿಯಲ್ಲಿ ನಾನು ಕಲಿತ ಮೊದಲ ಪಾಠ ಇದು. ಇಲಾಖೆ ನನ್ನಿಂದ ಬಿಡಿಸಿದ ಮೊದಲ ಪಾಠವೂ ಇದೇ. ಲಸಿಕೆಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಮನೆಗೆ ಬಂದು ಕೂತು, ಬಡ್ತಿ ಯಾವಾಗ ಸಿಕ್ಕಿತು, ಯಾವ ಊರು ಛಲೋ ಇತ್ತು ಎಂದು ಕೇಳುತ್ತಾರೆ. ಬಡ್ತಿಯ ಕಥೆ ಹೇಳಲು ನನಗೆ ಮನಸ್ಸಿಲ್ಲ. ಹೇಳಬೇಕಾದದ್ದು ಬೇರೆ ಇದೆ. ಅದನ್ನು ಸಿಟ್ಟಿಲ್ಲದೆ ಹೇಳೋಣ ಎಂದು ಇಷ್ಟು ವರ್ಷ ಕಾದೆ. ಸಿಟ್ಟು ಇಳಿಯಲಿಲ್ಲ. ಇನ್ನು ಕಾಯುವುದಿಲ್ಲ.

೧೯೭೩ರಲ್ಲಿ ಕುಷ್ಟಗಿ ತಾಲೂಕಿನಲ್ಲಿ ಕೆಲಸಕ್ಕೆ ಸೇರಿದೆ. ವಯಸ್ಸು ಇಪ್ಪತ್ತೆರಡು. ನನ್ನ ಕೆಲಸ ಸಿಡುಬಿನ ಲಸಿಕೆ ಹಾಕುವುದು. ಊರ ಮಂದಿಯ ಮಾತಿನಲ್ಲಿ 'ದೇವಿ ಹಾಕುವುದು'. ಕಲಿಸಿದವರು ಹುಸೇನಸಾಬರು. ಇಪ್ಪತ್ತು ವರ್ಷ ಸೈಕಲ್ ಮೇಲೆ ದೇವಿ ಹಾಕಿದ ಮನುಷ್ಯ. ಚಕ್ರದಂತೆ ತಿರುಗಿಸಿ ಗಾಯ ಮಾಡುವ ಹಳೆಯ ಸಾಧನ ಹೋಗಿ ಎರಡು ಮೊನೆಯ ಸೂಜಿ ಬಂದಾಗ, ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದು ಛಲೋ ಐತಿ, ಕೂಸು ಅಳೂದ್ರಾಗ ಕೆಲಸ ಮುಗಿದಿರತೈತಿ" ಎಂದಿದ್ದರು.

ಲಸಿಕೆ ಹಾಕಿದ ಎಂಟನೆಯ ದಿನ ಅದೇ ಮನೆಗೆ ಹೋಗಿ ಕೂಸಿನ ತೋಳು ನೋಡಬೇಕು. ಹಾಕಿದ ಜಾಗದಲ್ಲಿ ಗುಳ್ಳೆ ಎದ್ದಿದ್ದರೆ ಲಸಿಕೆ ಹತ್ತಿದೆ ಎಂದು ಅರ್ಥ. ಎದ್ದಿಲ್ಲದಿದ್ದರೆ ಹತ್ತಿಲ್ಲ, ಮತ್ತೆ ಹಾಕಬೇಕು. ನಾನು ಮೊದಲ ವಾರ ಡೈರಿಯಲ್ಲಿ 'ಹಾಕಿದ್ದು' ಎಂದು ಒಂದೇ ಕಾಲಂ ಎಳೆದಿದ್ದೆ. ಹುಸೇನಸಾಬರು ನೋಡಿದರು.

"ಏ ಈರ್ಯಾ, ಇದೇನಲೇ?"

"ಲೆಕ್ಕರಿ."

"ಅರ್ಧಾ ಲೆಕ್ಕ ಇದು. ಹಾಕಿದ್ದು ಯಾರ ಬೇಕಾದ್ರೂ ಬರೀತಾರ. ಸಸಿ ನೆಟ್ಟಾವ ಹೊಲಕ್ಕ ತಿರುಗಿ ಹೋಗಂಗಿಲ್ಲೇನು? ಹತ್ತಿದ್ದು ಎಷ್ಟು, ಅದನ್ನ ಬರಿ."

ಅಂದೇ ಎರಡನೆಯ ಕಾಲಂ ಎಳೆದೆ. ಆಮೇಲಿನ ನನ್ನ ಎಲ್ಲ ಡೈರಿಗಳಲ್ಲೂ ಆ ಎರಡು ಕಾಲಂ ಇವೆ.

ಆ ಎಂಟನೆಯ ದಿನದ ಭೇಟಿಯಿಂದ ಸಿಗುತ್ತಿದ್ದದ್ದು ಲೆಕ್ಕ ಮಾತ್ರವಲ್ಲ. ಒಮ್ಮೆ ಯಲಬುರ್ಗಾ ಕಡೆ ಕೈ ಸಾಲದೆ ನಮ್ಮಿಬ್ಬರನ್ನು ತಳಕಲ್‌ಗೆ ಕಳಿಸಿದ್ದರು. ಅಲ್ಲಿ ಒಬ್ಬ ಅಜ್ಜಿ, ನಮ್ಮ ಸೈಕಲ್ ಕಂಡದ್ದೇ ಮೊಮ್ಮಗನನ್ನು ಜೋಳದ ಕಣಜದ ಹಿಂದೆ ಕೂರಿಸಿ ಬಾಗಿಲಿಗೆ ಬಂದು ನಿಂತಳು. "ಕೂಸು ಊರಾಗಿಲ್ರಿ. ಅದರ ಸೋದರಮಾವನ ಊರಿಗೆ ಹೋಗೈತಿ." ಅಷ್ಟರಲ್ಲಿ ಕಣಜದ ಹಿಂದಿನಿಂದ ಸೀನು ಕೇಳಿತು. ಹುಸೇನಸಾಬರು ನಗಲಿಲ್ಲ. "ಭಾಳ ಸಮೀಪದ ಬೀಗತನ ಮಾಡೀರಿ ನೋಡವ್ವ. ಮಾವನ ಊರು ಕಣಜದ ಹಿಂದೇ ಐತಿ" ಎಂದರು. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಕೂಸು ಹೊರಗೆ ಬಂತು. ಎಂಟನೆಯ ದಿನ ನಾವು ಹೋಗುವ ಮೊದಲೇ ಅದೇ ಅಜ್ಜಿ ಕೂಸಿನ ತೋಳು ಎತ್ತಿ ಹಿಡಿದು ಕಟ್ಟೆಯ ಮೇಲೆ ಕೂತಿದ್ದಳು. "ನೋಡ್ರಿ, ಎದ್ದೈತಿ!" ಹಾಕಿ ಹೋದವರು ತಿರುಗಿ ಬಂದರಲ್ಲ, ಅದಕ್ಕೆ ನಮ್ಮನ್ನು ನಂಬಿದಳು.

ಇನ್ನೊಂದು ಸಂಗತಿಯನ್ನೂ ಆ ವರ್ಷದ ಡೈರಿಯಲ್ಲಿ ಬರೆದಿದ್ದೇನೆ. ಒಂದು ಮನೆಯಲ್ಲಿ ಒಂದೇ ಕೂಸಿಗೆ ಎರಡು ಸಲ ಹಾಕಿದರೂ ಹತ್ತಲಿಲ್ಲ. ಮೊದಲ ಸಲ ಹಾಕುವಾಗ ಆ ಕೂಸಿಗೆ ದಡಾರ ಎದ್ದಿತ್ತು. ಎರಡನೆಯ ಸಲವೂ ಜ್ವರ ಪೂರ್ತಿ ಬಿಟ್ಟಿರಲಿಲ್ಲ. ನಾನು ಲಸಿಕೆಯ ಮೇಲೆ ಅನುಮಾನಪಟ್ಟೆ. ಹುಸೇನಸಾಬರು ತಲೆ ಅಲ್ಲಾಡಿಸಿದರು. "ಮೈಯಾಗ ಒಂದು ಜಡ್ಡು ಕುಂತಿದ್ರ ಅದು ಇನ್ನೊಂದನ್ನ ಒಳಗ ಬಿಡಂಗಿಲ್ಲ. ಅದು ಇಳೀಲಿ, ಆಮ್ಯಾಲ ಹಾಕೋಣು." ಯಾಕೆ ಎಂದು ಕೇಳಿದೆ. "ಯಾಕ ಅನ್ನೂದು ನನಗ ಗೊತ್ತಿಲ್ಲಪಾ. ಇಪ್ಪತ್ತು ವರ್ಷ ನೋಡೀನಿ." ತಿಂಗಳು ಬಿಟ್ಟು ಹಾಕಿದೆವು. ಹತ್ತಿತು.

ಈ ಮಾತು ನನಗೆ ಗೊತ್ತಿತ್ತು ಎಂಬುದನ್ನು ಓದುವವರು ನೆನಪಿಡಬೇಕು. ಮುಂದೆ ನಡೆದದ್ದರಲ್ಲಿ ನನ್ನ ಪಾಲು ಅಲ್ಲಿದೆ.

ಸಿಡುಬು ಹೋಯಿತು. ಹುಸೇನಸಾಬರು ನಿವೃತ್ತರಾದರು. ಎಂಬತ್ತರ ದಶಕ ಶುರುವಾದಾಗ ನಮ್ಮ ಕೈಗೆ ಸೂಜಿಯ ಜೊತೆಗೆ, ಐಸಿನಲ್ಲಿಟ್ಟು ಒಯ್ಯಬೇಕಾದ ಪೋಲಿಯೋ ಹನಿಯ ಸೀಸೆಯೂ ಬಂತು. ತಿಂಗಳಿಗೊಮ್ಮೆಯಂತೆ ಮೂರು ಸಲ ಕೂಸಿನ ಬಾಯಿಗೆ ಹನಿ. ಮೂರು ಮುಗಿದರೆ ಕಾರ್ಡಿನಲ್ಲಿ 'ಪೂರ್ಣ' ಎಂದು ಬರೆಯುವುದು. ಹನಿ ಗುಳ್ಳೆ ಎಬ್ಬಿಸುವುದಿಲ್ಲ. ಎಂಟನೆಯ ದಿನ ಹೋದರೂ ನೋಡಲು ಏನೂ ಇಲ್ಲ. ಹಾಗಾಗಿ ಎಂಟನೆಯ ದಿನವೇ ಇಲ್ಲವಾಯಿತು. ರಿಜಿಸ್ಟರಿನಲ್ಲಿ ಉಳಿದದ್ದು ಒಂದೇ ಕಾಲಂ: ಹಾಕಿದ್ದು.

ನನ್ನ ಡೈರಿಯಲ್ಲಿ ಮಾತ್ರ ಎರಡನೆಯ ಕಾಲಂ ಎಳೆಯುವುದು ಬಿಡಲಿಲ್ಲ. ಕೈಗೆ ಅಂಟಿದ ಚಟ. ಅದು ಖಾಲಿ ಇರುವುದನ್ನು ನೋಡಲಾಗದೆ ಕೂಸಿನ ಅಂದಿನ ಸ್ಥಿತಿ ಬರೆಯತೊಡಗಿದೆ. ಕೆಮ್ಮಿದ್ದರೆ 'ಕೆ'. ಜ್ವರಕ್ಕೆ 'ಜ್ವ'. ಹೊಟ್ಟೆ ಕೆಟ್ಟಿದ್ದರೆ 'ಹೊ'.

ಹನುಮಸಾಗರದ ಕಡೆಯ ಒಂದು ಊರು ನನ್ನ ಪಾಲಿಗೆ ಇತ್ತು. ಹೆಸರು ಬರೆಯುವುದಿಲ್ಲ, ಈ ಕಥೆಯ ಕೂಸು ಈಗ ದೊಡ್ಡ ಹೆಂಗಸು, ಅವಳ ಒಪ್ಪಿಗೆ ಇಲ್ಲದೆ ಅವಳನ್ನು ತೋರಿಸಲಾರೆ. ತಾಯಿ ಮಗಳ ಹೆಸರುಗಳನ್ನೂ ಬದಲಿಸಿದ್ದೇನೆ. ೧೯೮೩ರ ಮಳೆಗಾಲದಲ್ಲಿ ಅಲ್ಲಿ ಹನಿಯ ಸುತ್ತು ಶುರುಮಾಡಿದೆವು. ಹೊಸನೀರು ಹಳ್ಳಕ್ಕೆ ಬಂದ ದಿನಗಳು. ಹೆಂಗಸರು ಅದೇ ನೀರು ತುಂಬಿಕೊಂಡು ಬರುತ್ತಿದ್ದರು, ಓಣಿಯ ಅರ್ಧ ಕೂಸುಗಳ ಹೊಟ್ಟೆ ಕೆಟ್ಟಿತ್ತು. ನಾನು ಮೇಲ್ವಿಚಾರಕ ಗುರುಪಾದಪ್ಪನವರನ್ನು ಕೇಳಿದೆ: "ಭೇದಿ ಇರೋ ಕೂಸುಗಳನ್ನ ಏನ್ ಮಾಡೂದ್ರಿ?"

"ಬಾಯಿ ತೆಗೀತಾವೋ ಇಲ್ಲೋ?"

"ತೆಗೀತಾವ್ರಿ."

"ಹನಿ ಬೀಳೂದು ಬಾಯಾಗ. ಕೆಳಗ ಏನಾಕತೈತಿ ಅದು ನಿನಗ್ಯಾಕ? ಹಾಕು, ಬರಿ. ಈ ತಿಂಗಳ ಗುರಿ ಮುಟ್ಟಬೇಕು."

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ.

ಎರಡನೆಯ ಸುತ್ತಿನಲ್ಲಿ ನೀಲವ್ವ ಬಂದಳು. ಕೂಲಿಗೆ ಹೋಗುವ ಹೆಂಗಸು. ಮಗಳು ಲಚಮಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಮೊದಲ ಸುತ್ತಿನಲ್ಲೂ ಆ ಕೂಸಿನ ಹೆಸರಿನ ಮುಂದೆ ನಾನು 'ಹೊ' ಎಂದು ಬರೆದಿದ್ದೆ. ನೀಲವ್ವ ಸಾಲಿನಲ್ಲಿ ನಿಲ್ಲಲಿಲ್ಲ, ದೂರದಿಂದಲೇ ಕೇಳಿದಳು.

"ಈರಪ್ಪಣ್ಣ, ಇಕಿಗೆ ಮತ್ತ ಹೊಟ್ಟಿ ಜಾಡಿಸಾಕ ಹತ್ತೈತ್ರಿ. ಮುಂದಿನ ವಾರ ತರ್ಲೇನ್ರಿ?"

"ಮುಂದಿನ ವಾರ ನಾ ಬರಂಗಿಲ್ಲವ್ವ. ಏನಾಗಂಗಿಲ್ಲ, ತಾ ಇಲ್ಲಿ."

"ಒಳಗ ನಿಂದರತೈತೇನ್ರಿ ಔಷಧಿ? ನೀರೂ ನಿಂದ್ರವಲ್ದು ಇಕಿ ಹೊಟ್ಟ್ಯಾಗ."

"ಎರಡು ಹನಿ. ನಿಂದರತೈತಿ. ತಾ."

ತಂದಳು. ಹಾಕಿದೆ. ಡೈರಿಯಲ್ಲಿ ಮತ್ತೆ 'ಹೊ' ಎಂದು ಬರೆದೆ. ಮೂರನೆಯದನ್ನು ಮುಂದಿನ ತಿಂಗಳು ಹಾಕಿ ಕಾರ್ಡಿನಲ್ಲಿ 'ಪೂರ್ಣ' ಎಂದು ಬರೆದು ಸಹಿ ಮಾಡಿದೆ. ಓದು ಬರಹ ಬಾರದ ಹೆಂಗಸು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಳು. ಹುಸೇನಸಾಬರ ಶಿಷ್ಯ ಅವಳಿಗೆ ಕೊಟ್ಟದ್ದು ಗುರುಪಾದಪ್ಪನವರ ಉತ್ತರ.

ಮರುವರ್ಷ ಬೇಸಿಗೆಯಲ್ಲಿ ಲಚಮಿಗೆ ಜ್ವರ ಬಂತು. ಮೂರು ದಿನಕ್ಕೆ ಜ್ವರ ಬಿಟ್ಟಿತು, ಬಲಗಾಲು ಏಳಲಿಲ್ಲ. ನೀಲವ್ವ ಕೂಸನ್ನು ಬಗಲಲ್ಲಿ ಎತ್ತಿಕೊಂಡು ನಮ್ಮ ಆಸ್ಪತ್ರೆಯ ಜಗಲಿಗೆ ಬಂದಳು. ಕಾಲು ಜೋತು ಬಿದ್ದಿತ್ತು. ಅವಳು ಅಳಲಿಲ್ಲ. ಕಾರ್ಡನ್ನು ನನ್ನ ಮುಂದೆ ಹಿಡಿದಳು.

"ಓದ್ರಿ. ಎಷ್ಟು ಅದಾವು?"

"ಮೂರು."

"ಬರದಾವ್ರು ಯಾರು?"

"ನಾನವ್ವ."

"ಕೂಲಿ ಬಿಟ್ಟು ಮೂರೂ ಸಲ ತಂದೀನಿ. ಹೌದಿಲ್ಲೋ?"

"ಹೌದು."

"ಮತ್ತ ನನ್ನ ಮಗಳ ಕಾಲು ಯಾಕ ಹೋತು?"

ಜಗಲಿಯ ಮೇಲೆ ಹತ್ತು ಜನ ಇದ್ದರು. ಉತ್ತರ ಕೊಟ್ಟವರು ಗುರುಪಾದಪ್ಪನವರು: "ದೇವರ ಇಚ್ಛಾ ತಂಗಿ." ನೀಲವ್ವ ಅವರ ಕಡೆ ತಿರುಗಿ, "ದೇವರು ಸಹಿ ಮಾಡಿಲ್ರಿ ಇದರಾಗ" ಎಂದಳು.

ಪೂರ್ಣ ಎಂದು ಬರೆದ ಕೂಸಿಗೆ ಪೋಲಿಯೋ ಬಂತೆಂದರೆ ಮೇಲಿನವರು ಕೇಳುತ್ತಾರೆ. ವಾರದೊಳಗೆ ಜೀಪಿನಲ್ಲಿ ಜಿಲ್ಲೆಯಿಂದ ಸಾಹೇಬರು ಬಂದರು. ಕೂಸನ್ನು ನೋಡಲು ಊರಿಗೆ ಹೋಗಲಿಲ್ಲ. ರಿಜಿಸ್ಟರ್ ತರಿಸಿ, ಚಹಾ ಕುಡಿಯುತ್ತ ಅರ್ಧ ಗಂಟೆಯಲ್ಲಿ ತೀರ್ಮಾನ ಮಾಡಿದರು.

"ತಾಯಿ ಎರಡನೇದಕ್ಕೂ ಮೂರನೇದಕ್ಕೂ ಬರಲಿಲ್ಲ ಅಂತ ತಿದ್ದು. ಆಕಿ ಕಡೆ ಇರೋ ಕಾರ್ಡ್ ಇಸ್ಕೊಂಡು ಬಾ. ಮುಗೀತು."

"ಆಕಿ ಬಂದಾಳ್ರಿ ಸರ್. ಮೂರೂ ಸಲ ನಾನೇ ಹಾಕೀನಿ."

"ಹಂಗಾರ ಐಸ್ ಕರಗಿಸಿ ಔಷಧಿ ಕೆಡಿಸಿದಾವ ನೀನು ಅಂತ ಬರೀಲೇನು?"

ಅವರು ದನಿ ಇಳಿಸಿದರು. "ಆಕಿಗೆ ಓದಾಕ ಬರತೈತೇನು?"

"ಇಲ್ರಿ."

"ಮತ್ತೇನು ತ್ರಾಸ?"

ಸಾಹೇಬರು ಹೋದ ಮೇಲೆ ಗುರುಪಾದಪ್ಪನವರು ನನ್ನ ಹೆಗಲ ಮೇಲೆ ಕೈ ಇಟ್ಟರು. "ನಿನ್ನ ಉಳಸಾಕ ಹೇಳ್ಯಾರ, ತಿಳಕೋ ಹುಚ್ಚಪ್ಪ."

ನಾನು ಹೋದೆ. ಇದನ್ನು ಮುಚ್ಚಿಡುವುದಿಲ್ಲ. ಮರುದಿನ ಬೆಳಿಗ್ಗೆ ಸೈಕಲ್ ಹತ್ತಿ, ಆ ಕಾರ್ಡು ಕೇಳಲು ನೀಲವ್ವನ ಮನೆಗೆ ಹೋದೆ. ಲಚಮಿ ನೆಲದ ಮೇಲೆ ಕೂತು ಒಂದು ಬಳೆ ಹಿಡಿದು ಆಡುತ್ತಿತ್ತು. ಕಾರ್ಡು ಬೇಕಿತ್ತವ್ವ ಎಂದೆ. ನೀಲವ್ವ ಯಾಕೆ ಎಂದು ಕೇಳಲಿಲ್ಲ. ಒಳಗೆ ಹೋಗಿ, ಟ್ರಂಕಿನಿಂದ ಅರಿವೆಯಲ್ಲಿ ಸುತ್ತಿಟ್ಟಿದ್ದ ಕಾರ್ಡು ತೆಗೆದು ನನ್ನ ಕೈಯಲ್ಲಿ ಇಟ್ಟಳು.

"ದೊಡ್ಡ ದವಾಖಾನಿಗೆ ಬರದು ಕೊಡ್ತೀರೇನ್ರಿ? ಅಲ್ಲಿ ಕಾಲಿಗೆ ಏನರ ಮಾಡ್ತಾರಂತ."

ಕಾರ್ಡು ವಾಪಸ್ ಕೊಟ್ಟೆ. "ಇದನ್ನ ಯಾರು ಕೇಳಿದ್ರೂ ಕೊಡಬ್ಯಾಡ. ನಾ ಕೇಳಿದ್ರೂ ಕೊಡಬ್ಯಾಡ" ಎಂದು ಹೇಳಿ, ಸೈಕಲ್ ತಿರುಗಿಸಿದೆ.

ನಮ್ಮ ಆಸ್ಪತ್ರೆಗೆ ಆಗ ಹುಬ್ಬಳ್ಳಿಯಲ್ಲಿ ಓದಿದ ಎಳೆಯ ವಯಸ್ಸಿನ ಡಾಕ್ಟರು ಬಂದು ಎರಡು ತಿಂಗಳಾಗಿತ್ತು. ಹೆಸರು ಸುಮಂಗಲಾ, ನಾವು ನಮ್ಮ ಕಡೆಯ ಮರ್ಯಾದೆಯಂತೆ ಬಾಯಾರು ಎನ್ನುತ್ತಿದ್ದೆವು. ನನ್ನ ಡೈರಿಯನ್ನು ಅವರ ಮೇಜಿನ ಮೇಲೆ ಇಟ್ಟು, ಸಾಹೇಬರು ಹೇಳಿದ್ದನ್ನೂ ನಾನು ಮಾಡಹೊರಟದ್ದನ್ನೂ ಹೇಳಿದೆ. ಅವರು ಪುಟ ತಿರುವಿದರು.

"ಈ 'ಹೊ' ಅಂದ್ರೇನು, ಈರಪ್ಪ?"

"ಅವತ್ತು ಹೊಟ್ಟಿ ಕೆಟ್ಟಿತ್ತು ಅಂತರಿ."

ಅವರು ಲಚಮಿಯ ಹೆಸರಿನ ಮುಂದಿನ ಎರಡು 'ಹೊ'ಗಳ ಮೇಲೆ ಬೆರಳಿಟ್ಟರು. ಆಮೇಲೆ, ಹುಸೇನಸಾಬರಿಗೆ ಗೊತ್ತಿಲ್ಲದ ಆ 'ಯಾಕೆ'ಯನ್ನು ವಿವರಿಸಿದರು. ವೈರಸ್ಸು ಒಂದು ಜೀವಕೋಶವನ್ನು ಹೊಕ್ಕಾಗ, ಆ ಕೋಶ ತಾನು ಉಳಿಯದಿದ್ದರೂ ಇಂಟರ್‌ಫೆರಾನ್ ಎಂಬ ವಸ್ತುವನ್ನು ಹೊರಗೆ ಬಿಡುತ್ತದೆ. ಅದು ಅಕ್ಕಪಕ್ಕದ ಕೋಶಗಳಿಗೆ ಮುಟ್ಟಿದ ಕೂಡಲೇ ಅವು ಒಳಗೆ ಸಿದ್ಧತೆ ಮಾಡಿಕೊಂಡು ವೈರಸ್ಸು ಬೆಳೆಯದಂತೆ ತಡೆಯುತ್ತವೆ. ಯಾವ ವೈರಸ್ಸು ಎಂದು ನೋಡುವುದಿಲ್ಲ, ಎಲ್ಲವನ್ನೂ ತಡೆಯುತ್ತವೆ. ನಮ್ಮ ಹನಿಯಲ್ಲಿರುವುದೂ ಬಲ ಕಳೆದ ಜೀವಂತ ವೈರಸ್ಸೇ. ಅದು ಕರುಳಿನಲ್ಲಿ ಬೆಳೆದರೆ ಮಾತ್ರ ಮೈ ಪೋಲಿಯೋ ತಡೆಯಲು ಕಲಿಯುತ್ತದೆ. ಭೇದಿಯ ವೈರಸ್ಸು ಮೊದಲೇ ಕರುಳು ಹೊಕ್ಕಿದ್ದರೆ ಹನಿ ಹತ್ತದೆ ಹೋಗಬಹುದು.

"ಇದೊಂದೇ ಕಾರಣ ಅಂತ ನಾ ಆಣೆ ಮಾಡಂಗಿಲ್ಲ" ಎಂದರು. "ಭೇದ್ಯಾಗ ಹನಿ ಹಂಗೇ ಹೊರಗೂ ಹೋಗಿರಬಹುದು. ಐಸೂ ಕರಗಿರಬಹುದು. ಆದ್ರ ಇದಕ್ಕೊಂದು ನಿಯಮ ಇರಬೇಕಲ್ಲ. ಹನಿ ಜೋಡಿ ಒಂದು ಕೈಪಿಡಿ ಬಂದಿರಬೇಕು, ಎಲ್ಲೈತಿ?"

ಗುರುಪಾದಪ್ಪನವರ ಕಪಾಟಿನಲ್ಲಿತ್ತು. ಇಂಗ್ಲಿಷಿನಲ್ಲಿ. ಹಗ್ಗ ಕಟ್ಟಿದ್ದು ಕಟ್ಟಿದ ಹಾಗೇ, ಬಂದು ಎರಡು ವರ್ಷ ಆಗಿತ್ತು. ಬಾಯಾರು ಹಗ್ಗ ಕತ್ತರಿಸಿ, ಪುಟ ಹುಡುಕಿ, ನನಗೆ ಕನ್ನಡದಲ್ಲಿ ಓದಿ ಹೇಳಿದರು: ಭೇದಿ ಇರುವ ಕೂಸಿಗೂ ಹನಿ ಹಾಕಬೇಕು, ಆದರೆ ಆ ಸಲದ್ದನ್ನು ಲೆಕ್ಕಕ್ಕೆ ಹಿಡಿಯಬಾರದು, ಗುಣವಾದ ಮೇಲೆ ಮತ್ತೆ ಹಾಕಬೇಕು.

ಎರಡು ಸಾಲು. ಒಂದು ಕೂಸಿನ ಕಾಲು ಉಳಿಸಬಹುದಾಗಿದ್ದ ಎರಡು ಸಾಲು, ಹಗ್ಗ ಬಿಚ್ಚಲು ಬೇಸರಪಟ್ಟವರ ಕಪಾಟಿನಲ್ಲಿ ಕೊಳೆಯುತ್ತಿದ್ದವು. ಅಂದು ಹೊತ್ತಿದ ಸಿಟ್ಟು ಇಂದಿಗೂ ಆರಿಲ್ಲ. ಗುರುಪಾದಪ್ಪನವರು, "ಇಂಗ್ಲಿಷ್ ಯಾರಿಗೆ ಬರತೈತ್ರಿ ಬಾಯಾರ" ಎಂದರು. ಗುರಿಯ ಅಂಕಿ ಬರುತ್ತಿದ್ದ ಪತ್ರಗಳೂ ಇಂಗ್ಲಿಷಿನಲ್ಲೇ ಇದ್ದವು. ಅವನ್ನು ಅವರು ಬಂದ ದಿನವೇ ಓದುತ್ತಿದ್ದರು.

ಇಂಟರ್‌ಫೆರಾನ್ ಬಗ್ಗೆ ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಅದರಲ್ಲಿ ಹಲವು ಬಗೆ. ಬಾಯಾರು ಹೇಳಿದ್ದನ್ನು ಮೊದಲನೆಯ ಬಗೆ ಎನ್ನುತ್ತಾರೆ. ಜ್ವರದಲ್ಲಿ ಮೈಕೈ ನೋಯುವುದರಲ್ಲಿ ಅದರ ಪಾಲೂ ಇದೆಯಂತೆ. ವೈರಸ್ಸು ಇಲ್ಲದಿದ್ದರೂ ಕೋಶಗಳ ಆ ಎಚ್ಚರಿಕೆಯ ಕೂಗು ನಿಲ್ಲದಿದ್ದರೆ ಅದೇ ರೋಗವಾಗಿ, ಮೈ ತನ್ನ ಚರ್ಮ, ಕೀಲುಗಳನ್ನೇ ಹಿಂಸಿಸುತ್ತದಂತೆ. ನಿಲ್ಲದ ಸಿಟ್ಟಿಗೂ ಈ ಮಾತು ಸಲ್ಲುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇರಬಹುದು. ಆದರೆ ಕೂಗಬೇಕಾದಾಗ ಒಂದು ಕೋಶವೂ ಕೂಗದ ಮೈ ಹೇಗಿರುತ್ತದೆ ಎಂದು ಕೇಳಿದರೆ, ನಮ್ಮ ಕಚೇರಿಯ ಹಾಗೆ ಎಂದು ಹೇಳುತ್ತೇನೆ.

ನಾನು ಹೇಳಿಕೆ ಬರೆದೆ. ತಾಯಿ ಮೂರೂ ಸಲ ತಂದಿದ್ದಾಳೆ, ಎರಡು ಸಲ ಭೇದಿ ಇತ್ತು, ಆಕೆ ಮುಂದೂಡಲು ಕೇಳಿದರೂ ನಾನು ಒಪ್ಪಲಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿದದ್ದು ತಪ್ಪು. ಕೈಪಿಡಿಯ ಆ ಪುಟವನ್ನೂ ಡೈರಿಯ ಪುಟಗಳನ್ನೂ ನಕಲು ಮಾಡಿ ಲಗತ್ತಿಸಿದೆ. ಸಾಹೇಬರು ನನ್ನನ್ನು ಕರೆಸಿ ಕೇಳಿದ್ದು ಒಂದೇ ಮಾತು: "ಡೈರಿ ಬರಿಯಾಕ ಪಗಾರ ಕೊಡ್ತೀವೇನು ನಿನಗ?" ಆರು ತಿಂಗಳಾದ ಮೇಲೆ ನನ್ನನ್ನು ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಗೆ ಎತ್ತಿ ಹಾಕಿದರು. ಆ ಕಥೆ ಬೇಡ.

ಬೇಕಾದದ್ದು ಇದು. ಆ ಊರಿನಲ್ಲಿ 'ಪೂರ್ಣ' ಎಂದು ನಾನು ಬರೆದ ಕೂಸುಗಳಲ್ಲಿ, ಲಚಮಿಯನ್ನು ಬಿಟ್ಟು, ಹದಿಮೂರರ ಮುಂದೆ ಒಂದಾದರೂ 'ಹೊ' ಇತ್ತು. ಅವುಗಳ ಕಾಲುಗಳು ಇನ್ನೂ ನೆಟ್ಟಗಿದ್ದವು. ಮತ್ತೆ ಹಾಕಲು ಕೇಳಿದರೆ ಸಾಹೇಬರು ಬೇಡ ಎಂದರು. ಮತ್ತೆ ಹಾಕಿದರೆ ಮೊದಲಿನದು ಸುಳ್ಳೆಂದು ಒಪ್ಪಿದಂತೆ. ಬಾಯಾರು, "ಔಷಧಿಗೆ ನಾ ಸಹಿ ಹಾಕ್ತೀನಿ, ನಡಿ" ಎಂದರು.

ನನ್ನ ವರ್ಗಕ್ಕೆ ಮೊದಲೇ, ಅದೇ ವರ್ಷದ ಜುಲೈ ತಿಂಗಳ ಒಂದು ಮಂಗಳವಾರ ಹೋದೆವು. ಹದಿಮೂರರಲ್ಲಿ ಇಬ್ಬರ ತಾಯಂದಿರು ಭತ್ತದ ನಾಟಿಗೆ ಗಂಗಾವತಿ ಕಡೆ ಹೋಗಿದ್ದರು. ಆಮೇಲೆ ಕಾಲುವೆ ಬದಿಯ ಕ್ಯಾಂಪುಗಳಲ್ಲಿ ಎರಡು ದಿನ ತಿರುಗಿ ಒಂದು ಕೂಸನ್ನು ಹುಡುಕಿದೆ. ಇನ್ನೊಂದು ಸಿಗಲಿಲ್ಲ. ಆ ಹೆಸರಿನ ಮುಂದಿನ ಜಾಗ ಡೈರಿಯಲ್ಲಿ ಇನ್ನೂ ಖಾಲಿ ಇದೆ.

ಊರಲ್ಲಿದ್ದ ಹನ್ನೊಂದು ಮಂದಿ ತಾಯಂದಿರು ಗುಡಿಯ ಕಟ್ಟೆಯ ಹತ್ತಿರ ಸೇರಿದರು, ಆದರೆ ಕೂಸುಗಳನ್ನು ಸೆರಗಿನೊಳಗೆ ಬಿಗಿಹಿಡಿದಿದ್ದರು. "ಮೂರು ಹಾಕಿ ಒಂದು ಕಾಲು ತಗೊಂಡ್ರಿ. ನಾಕು ಹಾಕಿ ಏನ್ ತಗೋತೀರಿ?" ಎಂದು ಒಬ್ಬಳು ಕೇಳಿದಳು. ನನ್ನದು ತಪ್ಪಾಯಿತು ಎಂದೆ. ಯಾರೂ ಮಿಸುಕಲಿಲ್ಲ.

ಬಾಯಾರು ಕಟ್ಟೆಯ ಮೇಲೆ ಕೂತರು. "ನಿಮ್ಮ ಓಣ್ಯಾಗ ಒಂದು ಮನಿಗೆ ಕಳ್ಳ ಹೊಕ್ಕ ಅನ್ಕೋರಿ. ಆ ಮನಿಯಾವ್ರು ಒಮ್ಮೆ ಚೀರಿದ್ರು. ನೀವೆಲ್ಲಾ ಏನ್ ಮಾಡ್ತೀರಿ?"

"ಬಾಗಲಾ ಹಾಕ್ಕೊಂತೀವ್ರಿ."

"ಆಮ್ಯಾಲ ಯಾರ ಬಂದು ಬಾಗಲಾ ಬಡದ್ರೂ?"

"ತೆಗಿಯಂಗಿಲ್ಲ."

ಹಿಂದೆ ಕೂತಿದ್ದ ಒಬ್ಬ ಮುದುಕಿ ನಿಧಾನವಾಗಿ ಹೇಳಿದಳು: "ಅಂದ್ರ, ಅವತ್ತ ನಾವ ಕರದ ಬೀಗರು ಬಂದಿದ್ರ ಅವ್ರೂ ಹೊರಗ ಉಳದ್ರು ಅನ್ರಿ."

"ಅಷ್ಟೇ ಆಗೈತಬೇ" ಎಂದರು ಬಾಯಾರು. "ಭೇದಿ ಕಳ್ಳ. ಹನಿ ಬೀಗರು. ಭೇದಿ ಇದ್ದಾಗ ಹಾಕಿದ್ದು ಲೆಕ್ಕಕ್ಕಿಲ್ಲ, ಗುಣಾದ ಮ್ಯಾಲ ಮತ್ತ ಹಾಕಬೇಕು."

ಆದರೂ ಎಲ್ಲರ ಕಣ್ಣು ನೀಲವ್ವನ ಕಡೆ ಇತ್ತು. ಅವಳು ಲಚಮಿಯನ್ನು ಬಗಲಲ್ಲಿ ಎತ್ತಿಕೊಂಡು ಕಂಬಕ್ಕೆ ಒರಗಿ ನಿಂತಿದ್ದಳು. ನನ್ನನ್ನು ನೋಡಲಿಲ್ಲ. ಸಾಲಿನ ಮೊದಲಿಗೆ ಬಂದು ನಿಂತು, ಮೊದಲ ತಾಯಿಯನ್ನು ಕೇಳಿದಳು.

"ನಿನ್ನ ಕೂಸಿನ ಹೊಟ್ಟಿ ಹೆಂಗೈತಿ?"

"ಛಲೋ ಐತಿ."

"ಹಾಕ್ರಿ, ಬರೀರಿ."

ಎರಡನೆಯವಳನ್ನು ಕೇಳಿದಳು. ಮೂರನೆಯವಳು ತಡವರಿಸಿದಳು, ನಿನ್ನೆಯಿಂದ ಸ್ವಲ್ಪ ಕೆಟ್ಟಿದೆ ಎಂದಳು. ನಾನು ಹನಿ ಹಾಕಿ, ರೂಢಿಯಂತೆ ಪೆನ್ನು ರಿಜಿಸ್ಟರಿಗೆ ತಾಗಿಸಿದೆ. ನೀಲವ್ವ ನನ್ನ ಮಣಿಕಟ್ಟು ಹಿಡಿದಳು. ಕೂಲಿ ಮಾಡಿದ ಕೈ, ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ.

"ಬರೀಬ್ಯಾಡ್ರಿ. ಇದು ಲೆಕ್ಕಕ್ಕಿಲ್ಲ. ಮುಂದ ಮತ್ತ ತರ್ತಾಳ."

ಬಾಯಾರು ಮುಖ ಆ ಕಡೆ ತಿರುಗಿಸಿಕೊಂಡರು. ನಾನು ಪೆನ್ನು ಎತ್ತಿದೆ.

ಅಂದಿನ ಪುಟ ಈಗ ನನ್ನ ಮುಂದೆ ತೆರೆದಿದೆ. ಹಾಕಿದ್ದು: ಹನ್ನೊಂದು. ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು: ಮೂರು. ಪರೀಕ್ಷಿಸಿದವರು: ನೀಲವ್ವ.